ಮಳೆಗಾಲದ ಕಡಲಬಟ್ಟಲು

ಹೊಸಕೋಡಿಯಲ್ಲಿ ಪ್ರತಿ ಮನೆಯ ಅಡುಗೆಕೋಣೆಯಲ್ಲೂ ಎರಡು ಕೊಡ. ಒಂದು ದೊಡ್ಡವರದು, ಟ್ಯಾಂಕರಿನ ನೀರು. ಇನ್ನೊಂದು ಮಕ್ಕಳದು. ಮಕ್ಕಳ ಕೊಡದ ಕುತ್ತಿಗೆಗೆ ಗುರುತಿಗೆಂದು ತೆಂಗಿನ ನಾರಿನ ಹುರಿ ಸುತ್ತಿರುತ್ತಿದ್ದರು, ಏಕೆಂದರೆ ಅದರಲ್ಲಿದ್ದುದು ಕಡಲ ನೀರು. ತಮಾಷೆಯಲ್ಲ. ದಡಕ್ಕೆ ಹೋಗಿ ತೆರೆಯಿಂದ ಮೊಗೆದು ತಂದು, ಬಟ್ಟೆಯಲ್ಲಿ ಸೋಸಿ, ಕುದಿಸಿ ಆರಿಸಿ ಇಟ್ಟ ಅಪ್ಪಟ ಉಪ್ಪು ನೀರು. ಆಡಿ ದಣಿದು ಬಂದ ಮಕ್ಕಳು ಅದನ್ನೇ ಗಟಗಟನೆ ಕುಡಿದು, ತೋಳಿನಿಂದ ಬಾಯಿ ಒರೆಸಿಕೊಂಡು ಮತ್ತೆ ಆಟಕ್ಕೆ ಓಡುತ್ತಿದ್ದವು. ಹೊರಗಿನವರು ನೋಡಿದರೆ ಎದೆ ಧಸಕ್ಕೆನ್ನಬೇಕು. ಊರವರಿಗೆ ಮಾತ್ರ ಅದು ರೂಢಿಯಾಗಿ ಹೋಗಿತ್ತು. ಮನುಷ್ಯನಿಗೆ ಯಾವುದು ತಾನೇ ರೂಢಿಯಾಗುವುದಿಲ್ಲ ಹೇಳಿ!

ಕಡಲು ಒಳಗೆ ನುಗ್ಗಿ ಊರಿನ ಬಾವಿಗಳನ್ನೆಲ್ಲ ಕೆಡಿಸಿದ ಮೇಲೆ, ಅದೇ ಊರಿನ ಮೀನುಗಾರ ಮೊಗವೀರರ ಮನೆಯ, ಓದಿ ವಿಜ್ಞಾನಿಯಾದ ಹೆಣ್ಣುಮಗಳು ನಿಶ್ಮಿತಾ ಹುಡುಕಿದ ದಾರಿ ಇದು. ಹೊಸಕೋಡಿಯ ಎದುರಿಗೆ ಕಡಲಿನ ನಡುವೆ ಎರಡು ಬಂಡೆದ್ವೀಪಗಳಿವೆ, ಜೋಡುಕಲ್ಲು ಎನ್ನುತ್ತಾರೆ. ಹಿಡಿ ಮಣ್ಣಿಲ್ಲದ ಆ ಕಲ್ಲಿನ ಸಂದಿಗಳಲ್ಲಿ ಸೊಂಟದೆತ್ತರದ ಒಂದು ಪೊದೆಗಿಡ ಬೆಳೆಯುತ್ತದೆ. ದಪ್ಪ ಎಲೆ, ನಂದಿಬಟ್ಟಲಿನಂಥದೇ ಬಿಳಿ ಹೂವು. ಅದಕ್ಕೇ ಊರವರು ಅದನ್ನು ಕಡಲಬಟ್ಟಲು ಎಂದು ಕರೆದರು. ತೆರೆ ಬಡಿದರೂ ಹಸಿರು, ಏಪ್ರಿಲ್ ಬಿಸಿಲಿಗೆ ಕಲ್ಲು ಕಾದರೂ ಹಸಿರು. ಅದು ಕುಡಿಯುವುದು ಉಪ್ಪುನೀರನ್ನೇ. ಎಲೆಯೊಳಗಿನ ಒಂದು ಪ್ರೋಟೀನು ಪಂಪಿನ ಹಾಗೆ ಉಪ್ಪನ್ನು ಎಲೆಯಂಚಿಗೆ ದೂಡಿಬಿಡುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಅಂಚಿನುದ್ದಕ್ಕೂ ಸಕ್ಕರೆಯಂಥ ಹರಳು.

ನಿಶ್ಮಿತಾ ಆ ಪಂಪನ್ನು ಕಟ್ಟುವ ವಂಶವಾಹಿಯನ್ನು ಬಿಡಿಸಿ ತೆಗೆದು, ಕೇಡು ಮಾಡದ ಒಂದು ವೈರಸ್ಸಿನೊಳಗೆ ಸೇರಿಸಿ, ಹನಿ ಔಷಧಿ ಮಾಡಿದಳು. ಎಳೆಯ ಮಗುವಿನ ಬಾಯಿಗೆ ಹಾಕಿದರೆ ಅದು ಹೋಗಿ ಮೂತ್ರಪಿಂಡದಲ್ಲಿ ನೆಲೆಯೂರುತ್ತದೆ. ಆಮೇಲೆ ಆ ಮಗು ಕಡಲನ್ನೇ ಕುಡಿದರೂ ಉಪ್ಪೆಲ್ಲ ಉಚ್ಚೆಯಲ್ಲಿ ಹೊರಗೆ. ದೊಡ್ಡವರ ಮೈ ಇದನ್ನು ಒಪ್ಪಲಿಲ್ಲ. ಮಕ್ಕಳ ಮೈ ಒಪ್ಪಿತು. ಊರವರು ಮೊದಲಿಗೆ ಹೆದರಿದ್ದರು, ಹೆದರದೇ ಇರುತ್ತಾರೆಯೇ? ನಿಶ್ಮಿತಾ ಶಾಲೆಯ ಜಗಲಿಯಲ್ಲಿ ಎಲ್ಲರೆದುರು ನಿಂತು, ಆಗಿನ್ನೂ ಅಂಬೆಗಾಲಿಡುತ್ತಿದ್ದ ತನ್ನ ಮಗಳು ಹಂಸಿಕಾಳ ಬಾಯಿಗೆ ಮೊದಲ ಹನಿ ಹಾಕಿದಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಇದ್ದುದು ಅದೊಂದೇ ಜೀವ ಎಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಯಾರೂ ಹಿಂದೆಮುಂದೆ ನೋಡಲಿಲ್ಲ.

ಮೊದಲೆರಡು ಮಳೆಗಾಲ ಹೇಗೋ ಕಳೆದವು. ಮಳೆಗಾಲದಲ್ಲಿ ಹೊಳೆಯ ಕೆಂಪು ನೀರು ಕಡಲು ಸೇರುವ ಅಳಿವೆಯಲ್ಲಿ ನುಗ್ಗಿ ದಡದ ಕಡಲನ್ನೂ ಸಪ್ಪೆ ಮಾಡುತ್ತದೆ. ಆಗ ಮಕ್ಕಳಿಗೆ ಸುಸ್ತು, ತಲೆನೋವು. ನೀರಿಗೆ ಒಂದು ಚಮಚ ಉಪ್ಪು ಬೆರೆಸಿ ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದವು. ಮೂರನೆಯ ವರ್ಷ ಒಂದು ಚಮಚ ಸಾಲಲಿಲ್ಲ, ಎರಡು ಬೇಕಾಯಿತು. ನಾಲ್ಕನೆಯದಾದ ಈ ವರ್ಷ ಮಳೆ ಹಿಡಿದದ್ದೇ, ಬಡಗುಕೇರಿಯ ಮೀನಾಕ್ಷಿಯ ಮಗನಿಗೆ ಫಿಟ್ಸ್ ಬಂತು. ಆಸ್ಪತ್ರೆಗೆ ಸೇರಿಸಿದರು, ಉಪ್ಪಿನ ಡ್ರಿಪ್ ಹಾಕಿದರು, ಎಲ್ಲ ಮಾಡಿದರು. ಹುಡುಗ ಉಳಿಯಲಿಲ್ಲ. ಅವನ ಹಿಂದೆಯೇ ಇನ್ನೊಬ್ಬಳು ಹೋದಳು.

ಮೂರನೆಯವಳಾಗಿ ಆಸ್ಪತ್ರೆ ಸೇರಿದ್ದು ಹಂಸಿಕಾ.

ಗಂಜಿಗೆ ಕೂತವಳು ಕೂತಲ್ಲೇ ಸೊಟ್ಟಗಾಗಿ ಬಿದ್ದಳಂತೆ. ಅಜ್ಜಿ ಬೇಬಿ, ನಿಶ್ಮಿತಾಳ ತಾಯಿ, ಕೈಯಲ್ಲಿದ್ದ ಬಟ್ಟಲು ಎಸೆದು ಓಡಿ ಬಂದು ಹಿಡಿದುಕೊಂಡಳು. ಈಗ ವಾರ್ಡಿನಲ್ಲಿ ಮೊಮ್ಮಗಳ ಕಾಲು ತಿಕ್ಕುತ್ತಾ ಕೂತ ಆಕೆ ಮಗಳನ್ನು ಕಂಡದ್ದೇ ತಡ, ಅಳು ಶುರು.

"ಹೆಣ್ಣೆ, ನಿಂಗ್ ಎಲ್ಲಾ ಗೊತ್ತಿತ್ತ್ ಅಂದ್ಕಂಡಿದ್ದೆ ನಾನ್. ಈಗ ಹೇಳ್ ಕಾಂಬ, ಈ ಮಗುಗ್ ಎಂತ ಆಯ್ತ್?"

ನಿಶ್ಮಿತಾ ಮಗಳ ಮೇಲೆ ಬಗ್ಗಿದಳು. ಹಂಸಿಕಾಳ ಹಣೆ ಬೆವರಿತ್ತು. ಆ ಬೆವರು ಒಣಗಿದಲ್ಲಿ ಬಿಳಿಯ ಉಪ್ಪಿನ ಪುಡಿ.

ಡಾಕ್ಟರ್ ಐರಿನ್ ಲೋಬೊ ಅವಳನ್ನು ಹೊರಗೆ ಕರೆದರು. ಮಂಗಳೂರು ಕಡೆಯವರು, ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಇಲ್ಲದವರು.

"ನಾನು ಉಪ್ಪು ಕೊಟ್ಟ ಹಾಗೆಲ್ಲ ಅವಳ ಕಿಡ್ನಿ ಹೊರಗೆ ಹಾಕ್ತಾ ಉಂಟು ನಿಶ್ಮಿತಾ. ಮೀನಾಕ್ಷಿಯ ಮಗನಿಗೂ ಹೀಗೇ ಆದದ್ದು. ಒಮ್ಮೆ ಫಿಟ್ಸ್ ಬಂದ ಮೇಲೆ ಆ ಪಂಪು ಹಿಂದೆ ಬರುವುದಿಲ್ಲ, ಜಾಸ್ತಿಯೇ ಆಗ್ತದೆ. ಡ್ರಿಪ್ಪಿನಲ್ಲಿ ಎಷ್ಟು ದಿವಸ ಹಿಡಿಯಬಹುದು ಅಂತ ನನ್ನ ಹತ್ರ ಕೇಳ್ಬೇಡಿ. ನಿಲ್ಲಿಸುವ ದಾರಿ ನಿಮಗೆ ಗೊತ್ತುಂಟಾ? ಅದನ್ನು ಹೇಳಿ."

"ಹುಡುಕ್ತೇನೆ" ಎಂದಳು ನಿಶ್ಮಿತಾ.

ಹುಡುಕಬೇಕಾದದ್ದು ಏನೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ತಾನು ಕೆಲಸ ಮಾಡುವ ಸಂಶೋಧನಾ ಕೇಂದ್ರಕ್ಕೆ ಹೋಗಿ ಗಾಜಿನಮನೆಯ ಕುಂಡಗಳನ್ನು ಮತ್ತೊಮ್ಮೆ ನೋಡಿದಳು. ಉಪ್ಪುನೀರು ಹಾಕಿದ ಗಿಡಗಳು ಹೂಬಿಟ್ಟು ಸುಖವಾಗಿದ್ದವು. ಪರೀಕ್ಷೆಗೆಂದು ಸಿಹಿನೀರು ಹಾಕಿದವುಗಳ ಎಲೆಯಂಚಿನಲ್ಲಿ ಎಂದಿಗಿಂತ ಹೆಚ್ಚು ಉಪ್ಪು. ಉಪ್ಪು ಕಡಿಮೆಯಾದಷ್ಟೂ ಪಂಪಿಗೆ ಹುಚ್ಚು ಹಿಡಿಯುತ್ತಿತ್ತು. ಮೈಯೊಳಗಿನ ಕೊನೆಯ ಹರಳನ್ನೂ ಹೊರಗೆ ಹಾಕಿ ಗಿಡ ಸೊರಗುತ್ತಿತ್ತು. ಅಂಗಡಿಯ ಉಪ್ಪು ಬೆರೆಸಿದರೂ ಅದೇ ಕಥೆ. ಪಂಪು ಕಡಲನ್ನು ಗುರುತಿಸುವುದು ಅಡುಗೆಯ ಉಪ್ಪಿನಿಂದಲ್ಲ, ಕಡಲಿನಲ್ಲಿರುವ ಮೆಗ್ನೀಷಿಯಮ್ಮಿನಿಂದ. ಅದು ಕಾಣದಿದ್ದರೆ ಸುರಿಯುತ್ತಿರುವುದು ಮಳೆಯೆಂದೇ ಅದರ ಲೆಕ್ಕ. ಮೆಗ್ನೀಷಿಯಮ್ ಹಾಕಿದರೂ, ಒಮ್ಮೆ ಕೆರಳಿದ ಪಂಪು ತಣಿಯುತ್ತಿರಲಿಲ್ಲ.

ಹಾಗಾದರೆ ಜೋಡುಕಲ್ಲಿನ ಮೇಲೆ, ನಾಲ್ಕು ತಿಂಗಳು ಎಡೆಬಿಡದೆ ಸುರಿಯುವ ಮಳೆಯಲ್ಲಿ, ಆ ಗಿಡ ಬದುಕುವುದು ಹೇಗೆ?

ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಗೋಡೆಯ ತುಂಬ ಪರದೆ. ನಿರ್ದೇಶಕ ಉಡುಪರು ಜೋಡುಕಲ್ಲಿನ ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದು ತಂದು ನಿಲ್ಲಿಸಿದರು. ಮಾರ್ಚ್, ಹಸಿರು. ಮೇ, ಹಸಿರು. ಜುಲೈಯಲ್ಲಿ ಮೋಡ ಸ್ವಲ್ಪ ಹರಿದಾಗ ಸಿಕ್ಕಿದ ಚಿತ್ರ, ಅದೂ ಹಸಿರು, ಇನ್ನೂ ಹೆಚ್ಚು ಹಸಿರು.

"ನೋಡಿ ಸರ್" ಎಂದಳು ನಿಶ್ಮಿತಾ, ಅವಳ ದನಿಯಲ್ಲಿ ಅಷ್ಟು ಹೊತ್ತಿಗೆ ಸ್ವಲ್ಪ ಜೀವ ಬಂದಿತ್ತು. "ಮಳೆಗಾಲದಲ್ಲೂ ಬದುಕಿದೆ ಅಂದ್ರೆ ಪಂಪನ್ನು ನಿಲ್ಲಿಸುವ ಏನೋ ಒಂದು ಅದರಲ್ಲಿ ಇರ್ಲೇಬೇಕು. ಸ್ವಿಚ್ಚಿಲ್ಲದ ಪಂಪು ಎಲ್ಲಿಯಾದ್ರೂ ಇರ್ತದಾ? ಅದು ಮಳೆಗೆ ಮಾತ್ರ ತಯಾರಾಗುವ ಪ್ರೋಟೀನು. ನಮ್ಮ ಕುಂಡದ ಗಿಡಗಳು ಮಳೆಯನ್ನೇ ಕಂಡಿಲ್ಲ, ಅವಕ್ಕೆ ಬರುವುದಿಲ್ಲ. ನಾವು ಅರ್ಧ ಮಾತ್ರ ತಂದಿದ್ದೇವೆ."

"ಮಳೆಗಾಲದ ಎಲೆ ನಮ್ಮ ಹತ್ತಿರ ಒಂದೂ ಇಲ್ವಾ?"

ಇರಲಿಲ್ಲ. ಅಷ್ಟು ವರ್ಷಗಳ ಸಂಶೋಧನೆ, ಅಷ್ಟು ದೊಡ್ಡ ಕೇಂದ್ರ, ಮಳೆಗಾಲದಲ್ಲಿ ಕಿತ್ತ ಒಂದೇ ಒಂದು ಎಲೆ ಇರಲಿಲ್ಲ. ಕಾರಣ ಕೇಳಿದರೆ ಬೇರೆ ಊರಿನ ವಿಜ್ಞಾನಿಗಳು ನಕ್ಕಾರು. ಮುಂಗಾರು ಹಿಡಿಯುತ್ತಿದ್ದಂತೆ ಹೊಸಕೋಡಿಯಲ್ಲಿ ದೋಣಿಗಳನ್ನೆಲ್ಲ ಮೇಲಕ್ಕೆ ಎಳೆದು, ಮೂತಿಗೆ ತೆಂಗಿನ ಗರಿ ಹೆಣೆದ ಮಡ್ಲು ಕಟ್ಟುತ್ತಾರೆ. ಆಮೇಲೆ ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಕೊಟ್ಟು ಪೂಜೆ ಮಾಡುವ ತನಕ ಯಾರೂ ನೀರಿಗಿಳಿಯುವಂತಿಲ್ಲ. ಇಳಿದರೂ ಬಂಡೆಗೆ ದೋಣಿ ತಾಗಿಸುವುದು ದೀಪಾವಳಿ ಕಳೆದು ಕಡಲು ತಣಿದ ಮೇಲೆಯೇ. ಜೋಡುಕಲ್ಲಿಗೆ ವಿಜ್ಞಾನಿಗಳನ್ನು ಕರೆದುಕೊಂಡು ಹೋಗುತ್ತಿದ್ದುದೂ ಇದೇ ದೋಣಿಗಳು, ಇದೇ ಜನ. ನಿಶ್ಮಿತಾಳಿಗೆ ಒಂದು ದಿನವೂ ಇದು ವಿಚಿತ್ರ ಎನಿಸಿರಲಿಲ್ಲ. ಮಳೆಗಾಲದಲ್ಲಿ ಕಡಲು ಎಂದರೆ ಬಾಗಿಲು ಹಾಕಿದ ಮನೆ. ಅವಳು ಹುಟ್ಟಿದಂದಿನಿಂದ ಕಂಡದ್ದೇ ಹಾಗೆ. ಸಂಶೋಧನೆಯ ವೇಳಾಪಟ್ಟಿ ಹಾಕುವಾಗಲೂ ಆ ತಿಂಗಳುಗಳನ್ನು ಅವಳ ಕೈ ತಾನಾಗಿ ಬಿಟ್ಟು ಮುಂದೆ ಹೋಗುತ್ತಿತ್ತು.

ಉಡುಪರು ಹೆಲಿಕಾಪ್ಟರಿಗೆ ಅಲ್ಲಿ ಇಲ್ಲಿ ಫೋನು ಮಾಡಿದರು. ಈ ಗಾಳಿಯಲ್ಲಿ ಸಾಧ್ಯವಿಲ್ಲ, ಗಾಳಿ ಇಳಿಯಲಿ ಎಂದರು ಅತ್ತಲಿನವರು. ಡ್ರೋನು ಹಾರಿಸಿದರೆ ಅದನ್ನು ಗಾಳಿ ಎತ್ತಿ ತೆಂಗಿನ ತೋಟಕ್ಕೆ ಒಗೆಯಿತು. ಗಾಳಿ ಇಳಿಯುವ ತನಕ ಹಂಸಿಕಾ ಇರುತ್ತಾಳೆಯೇ?

ನಿಶ್ಮಿತಾ ನೆಟ್ಟಗೆ ಅಣ್ಣನ ಮನೆಗೆ ಹೋದಳು.

ಅಣ್ಣ ದಯಾಕರ ಬೋಟಿನ ತಾಂಡೇಲ, ಚುಕ್ಕಾಣಿ ಹಿಡಿಯುವವನು. ಜಗಲಿಯಲ್ಲಿ ಬಲೆ ಹರಡಿಕೊಂಡು ಹರಿದಲ್ಲಿ ಹೆಣೆಯುತ್ತಿದ್ದ. ಅವನ ಮಗ ಶಮಂತ ಬಲೆಯ ಇನ್ನೊಂದು ತುದಿ ಹಿಡಿದಿದ್ದ. ಅವನೂ ಹನಿ ಹಾಕಿಸಿಕೊಂಡವನೇ. ಅವನಿಗಿನ್ನೂ ಫಿಟ್ಸ್ ಬಂದಿರಲಿಲ್ಲ, ಆದರೆ ಬೆಳಿಗ್ಗೆಯಿಂದ ತಲೆನೋವು ಅನ್ನುತ್ತಿದ್ದನಂತೆ. ಜೋಡುಕಲ್ಲಿಗೆ ಹೋಗಬೇಕೆಂಬ ತಂಗಿಯ ಮಾತು ಕೇಳಿ ದಯಾಕರ ದಾರ ಕೆಳಗಿಟ್ಟ.

"ನಿಂಗೆಂತ ಮರ್ಲಾ? ಬೋಟ್ ಎಳ್ದ್ ಆಯ್ತ್, ಮೂತಿಗ್ ಮಡ್ಲ್ ಕಟ್ಟಿ ಆಯ್ತ್. ಈಗ್ಳ್ ಅಳಿವೆ ದಾಟುಕೆ ಆತಾ? ಅಪ್ಪಯ್ಯ ಇದ್ದಿರೆ ನಿನ್ ಕೆನ್ನಿಗ್ ಎರಡ್ ಬಿಡ್ತಿದ್ದ."

"ಬಿಡ್ಲಿ. ಹಂಸು ಹೋತ್ಲ್ ಅಣ್ಣಯ್ಯ. ಅವ್ಳ್ ಹಿಂದೆ ಯಾರ್ ಅಂದೇಳಿ ನಿಂಗೂ ಗೊತ್ತಿತ್ತ್."

ದಯಾಕರ ಮಗನ ಕಡೆ ನೋಡಿದ. ಅತ್ತಿಗೆ ಒಳಗಿನಿಂದ ಬಾಗಿಲ ತನಕ ಬಂದವಳು ಸೆರಗು ಬಾಯಿಗೊತ್ತಿ ನಿಂತಳು. ಮಳೆ ಹಂಚಿನ ಮೇಲೆ ಒಂದೇ ಸಮ ಸುರಿಯುತ್ತಿತ್ತು.

"ಎಲೆ ತಂದ್ರೆ ಆತಾ? ಸರೀ ಆತಾ?" ಎಂದ ದಯಾಕರ.

"ಆತ್. ಅದ್ರಲ್ಲೇ ಇತ್ತ್ ಮದ್ದ್."

ಅವನು ಎದ್ದು ಹೋಗಿ ಸಣ್ಣ ದೋಣಿಯ ಮೂತಿಯಿಂದ ಮಡ್ಲು ಬಿಚ್ಚಿದ. ಹಾಗೆ ಬಿಚ್ಚುವಾಗ ಕಡಲಿಗೆ ಕೈಮುಗಿದು, ಮಕ್ಕಳ ಸಲುವಾಗಿ, ಸಿಟ್ಟು ಮಾಡಬೇಡ ತಾಯಿ ಎಂದ.

ಅಳಿವೆ ದಾಟಿದ್ದನ್ನು ನಿಶ್ಮಿತಾ ಆಮೇಲೆ ಯಾರಿಗೂ ಹೇಳಲಿಲ್ಲ. ಹೇಳಲು ನೆನಪೇ ಇರಲಿಲ್ಲ. ದೋಣಿಯ ಹಲಗೆಗೆ ಸೊಂಟವನ್ನು ಕಟ್ಟಿಕೊಂಡು, ಕಣ್ಣು ಮುಚ್ಚಿ, ಬಾಯಿಗೆ ಬಂದ ದೇವರ ಹೆಸರೆಲ್ಲ ಹೇಳಿದ್ದಳು. ವಿಜ್ಞಾನಿಯಾದರೇನು, ತೆರೆ ತಲೆಯ ಮೇಲೆ ಬಂದಾಗ ಎಲ್ಲರೂ ಒಂದೇ. ದೋಣಿ ಎರಡು ಬಾರಿ ಮಗುಚುವಷ್ಟು ವಾಲಿತು. ದಯಾಕರ ಬೈಯುತ್ತಲೇ ಇದ್ದ, ತೆರೆಗೆ, ಎಂಜಿನ್ನಿಗೆ, ತಂಗಿಗೆ. ಹಾಗೆ ಬೈಯುತ್ತಾ ಬೈಯುತ್ತಾ ಜೋಡುಕಲ್ಲಿನ ಮರೆಗೆ ತಂದು ನಿಲ್ಲಿಸಿದ.

ಮಳೆಯ ಪರದೆಯಾಚೆ ಬಂಡೆ ಕಂಡಿತು. ಹಸಿರು! ನಿಶ್ಮಿತಾಳ ಎದೆ ಹಿಗ್ಗಿತು. ಹಗ್ಗ ಹಿಡಿದು, ಮೊಣಕಾಲು ತರಚಿಕೊಂಡು ಮೇಲೆ ಹತ್ತಿದಳು.

ಹಸಿರು ಇತ್ತು. ಅದು ಹುಲ್ಲು.

ಮಳೆಗೆ ಚಿಗುರಿದ ಹುಲ್ಲು, ಪಾಚಿ, ಕಲ್ಲಿನ ಮೇಲೆಲ್ಲ ಹಬ್ಬಿದ ಯಾವುದೋ ಕಳೆಬಳ್ಳಿ. ಅದರ ನಡುವೆ ಕಪ್ಪಗೆ ಕೊಳೆತ ಕಡ್ಡಿಗಳು ನಿಂತಿದ್ದವು. ಅವಳು ಒಂದನ್ನು ಹಿಡಿದೆಳೆದಳು. ಅದು ಬೇರುಸಮೇತ, ಬೆಂದ ಗೆಣಸಿನ ನಾರಿನ ಹಾಗೆ, ಕೈಯಲ್ಲೇ ಬಂತು. ಇನ್ನೊಂದನ್ನು ಎಳೆದಳು. ಇನ್ನೊಂದು. ಬಂಡೆಯ ಈ ತುದಿಯಿಂದ ಆ ತುದಿಯ ತನಕ ನಾಲ್ಕು ಕಾಲಲ್ಲಿ ತೆವಳಿಕೊಂಡು ಹೋದಳು. ಒಂದು ಎಲೆಯಿಲ್ಲ. ಒಂದು ಹಸಿರು ಕಣ್ಣಿಲ್ಲ. ಆಚೆಯ ಕಲ್ಲಿಗೂ ದೋಣಿ ತಾಗಿಸಲು ಹೇಳಿದಳು, ದಯಾಕರ ತಾಗಿಸಿದ. ಅಲ್ಲಿಯೂ ಅಷ್ಟೇ.

ಕಪ್ಪು ಕಡ್ಡಿಗಳ ಬುಡದಲ್ಲಿ ಮಾತ್ರ, ಕಲ್ಲಿನ ಬಿರುಕುಗಳ ತುಂಬ, ಗಟ್ಟಿ ಸಿಪ್ಪೆಯ ಸಣ್ಣ ಬೀಜಗಳಿದ್ದವು. ಸಾವಿರಾರು.

ನಿಶ್ಮಿತಾ ಅಲ್ಲಿಯೇ ಕೂತುಬಿಟ್ಟಳು. ಅವಳಿಗೆ ಎಲ್ಲ ಒಮ್ಮೆಗೇ ಅರ್ಥವಾಯಿತು, ಅರ್ಥವಾಗದಿದ್ದರೆ ಚೆನ್ನಾಗಿತ್ತು. ಈ ಗಿಡ ಮಳೆಗಾಲದಲ್ಲಿ ಬದುಕುವುದೇ ಇಲ್ಲ. ಮೊದಲ ಮಳೆ ಬಿದ್ದೊಡನೆ ಅದರ ಪಂಪು ಕೆರಳಿ, ಇದ್ದ ಉಪ್ಪನ್ನೆಲ್ಲ ಹೊರಗೆ ಹಾಕಿ, ಗಿಡ ಸಾಯುತ್ತದೆ. ಎಲ್ಲ ಗಿಡಗಳೂ, ಪ್ರತಿ ವರ್ಷವೂ. ಮಳೆ ನಿಂತು ಕಲ್ಲಿನ ಮೇಲೆ ಮತ್ತೆ ಉಪ್ಪು ಕೂತಾಗ ಬೀಜ ಮೊಳೆಯುತ್ತದೆ, ಮೈಮೇಲೆ ಬಂದ ಹಾಗೆ ಬೆಳೆಯುತ್ತದೆ. ದೀಪಾವಳಿ ಕಳೆದು ದೋಣಿ ತಾಗಿಸುವ ಹೊತ್ತಿಗೆ ಸೊಂಟದೆತ್ತರದ ಪೊದೆ, ಮೈತುಂಬ ಹೂವು. ಸದಾ ಹಸಿರಿನ ಗಿಡ ಎಂದು ತಾವೇ ಹೆಸರಿಟ್ಟದ್ದು. ಕಾಂಡ ಕತ್ತರಿಸಿದಾಗ ವರ್ಷದ ಉಂಗುರ ಕಾಣದಿದ್ದರೆ, ಸದಾ ಹಸಿರಿನ ಗಿಡವಲ್ಲವೇ, ಉಂಗುರ ಇರುವುದಿಲ್ಲ ಎಂದು ತಾವೇ ಸಮಾಧಾನ ಹೇಳಿಕೊಂಡದ್ದು. ಸ್ವಿಚ್ಚೇ ಇರಲಿಲ್ಲ. ಗಿಡಕ್ಕೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಅದಕ್ಕೆ ಮಳೆಗೆ ಇದ್ದ ಉತ್ತರ ಒಂದೇ, ಸತ್ತು ಬೀಜ ಬಿಡುವುದು.

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಆ ಗಿಡದ ಮೇಲೆ, ತನ್ನ ಮೇಲೆ, ಇಂಥದ್ದೊಂದನ್ನು ತಂದು ಮಗಳ ಮೈಯೊಳಗೆ ನೆಟ್ಟೆನಲ್ಲ ಎಂದು. ಕಪ್ಪು ಕಡ್ಡಿಗಳನ್ನು ಕಿತ್ತು ಕಿತ್ತು ಕಡಲಿಗೆಸೆದಳು.

"ಎಂತ ಹೆಣ್ಣೆ? ಎಲೆ ಎಲ್ಲಿತ್ತ್?" ದಯಾಕರ ದೋಣಿಯಿಂದಲೇ ಕೂಗಿದ.

"ಇಲ್ಲೆ ಅಣ್ಣಯ್ಯ. ಮದ್ದ್ ಇಲ್ಲೆ."

ದಯಾಕರ ದೋಣಿಯನ್ನು ದಡದ ಕಡೆ ತಿರುಗಿಸಿದ. ಒಂದು ಕಡೆ ಬಂದಾಗ ನೀರಿನ ಬಣ್ಣ ಬದಲಾಯಿತು. ಗೆರೆ ಎಳೆದ ಹಾಗೆ, ಇತ್ತ ಹೊಳೆಯ ಕೆಂಪು, ಅತ್ತ ಕಡಲಿನ ಕಪ್ಪು ನೀಲಿ. ನಿಶ್ಮಿತಾ ಗೆರೆಯಾಚೆ ಕೈ ಅದ್ದಿ ನಾಲಗೆಗೆ ತಾಗಿಸಿದಳು. ಖಾರವೆನಿಸುವಷ್ಟು ಉಪ್ಪು. ಶಮಂತನಿಗೂ ಉಳಿದ ಮಕ್ಕಳಿಗೂ ಬೇಕಾದದ್ದು ಈ ನೀರು, ಈ ನೀರು ಮಾತ್ರ. ಅವರ ಪಂಪು ಇನ್ನೂ ಕೆರಳಿಲ್ಲ, ಆದರೆ ಈಗ ಅದು ಕೆರಳಲು ಕೆಲವು ಗುಟುಕು ಮಳೆನೀರು ಸಾಕು. ಬೋಟಿನಲ್ಲಿ ತುಂಬಿಸಿ ತರಬಹುದು, ಆದರೆ ಮಳೆಯನ್ನು ತಡೆಯುವವರು ಯಾರು? ಸೂರಿನಲ್ಲಿ, ಬಟ್ಟೆಯಲ್ಲಿ, ಮಕ್ಕಳು ನಾಲಗೆ ಚಾಚಿದರೆ ನಾಲಗೆಯ ಮೇಲೆ, ಎಲ್ಲೆಲ್ಲೂ ಅದೇ. ಇನ್ನೆರಡು ತಿಂಗಳು.

"ಅಣ್ಣಯ್ಯ, ನಿನ್ ಬೋಟಿನ ಕೆಲ್ಸದವ್ರ್, ಆ ಕಲಾಸಿಗಳ್, ಈಗ್ಳ್ ಎಲ್ಲಿದ್ರ್?"

"ಸೆಲ್ವಂ ಮತ್ತವ್ರಾ? ಊರಿಗ್ ಹೋಯಿರ್, ನಾಗಪಟ್ಟಣದ ಬದಿಗೆ. ಬೋಟ್ ಎಳ್ದ್ ಮೇಲ್ ಇಲ್ಲೆಂತ ಮಾಡುದ್ ಅವ್ರ್?" ಅಂದವನು, ತಂಗಿಯ ಮುಖ ನೋಡಿ ನಿಧಾನವಾಗಿ ಮುಂದುವರಿಸಿದ. "ನಿನ್ನೆ ಫೋನ್ ಮಾಡಿದ್ದ. ಅಲ್ಲಿ ಈಗ್ಳ್ ಮಳೆ ಒಂದ್ ಹನಿ ಇಲ್ಲೆ ಅಂಬ್ರ್. ಸುಡು ಬಿಸ್ಲ್."

ಮೂಡಣ ಕಡಲು. ಇಲ್ಲಿ ಮಳೆ ಸುರಿಯುವಾಗ ಅಲ್ಲಿ ಬಿಸಿಲು. ಅಲ್ಲಿ ಮಳೆ ಶುರುವಾಗುವ ಹೊತ್ತಿಗೆ ಇಲ್ಲಿ ನಿಲ್ಲುತ್ತದೆ. ಗಿಡಕ್ಕೆ ಕಾಲಿಲ್ಲ, ನಿಂತಲ್ಲೇ ಸಾಯಬೇಕು. ಮಕ್ಕಳಿಗೆ ಕಾಲಿದೆ. ಈ ವರ್ಷ ಅಲ್ಲಿಗೆ ಓಡಬೇಕು, ಅಲ್ಲಿ ಮೋಡ ಕವಿದಾಗ ಇಲ್ಲಿಗೆ, ಮತ್ತೆ ಅಲ್ಲಿಗೆ. ಬದುಕಿರುವ ತನಕ ಮಳೆಯನ್ನು ಕಂಡು ಓಡುತ್ತಲೇ ಇರಬೇಕು. ಇದೆಂಥ ಬದುಕು ಎಂದು ಯಾರಾದರೂ ಕೇಳಬಹುದು. ಆದರೆ ಬದುಕು ಹೌದಲ್ಲ?

ದಡದಲ್ಲಿ ಊರಿಗೆ ಊರೇ ನಿಂತಿತ್ತು. ಮಳೆಗಾಲದಲ್ಲಿ ದೋಣಿ ಇಳಿದ ಸುದ್ದಿ ಅಡಗುತ್ತದೆಯೇ? ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡ ಹೆಂಗಸರು, ಕೊಡೆ ಮಡಚಿ ನೀರಿಗಿಳಿದು ದೋಣಿ ಹಿಡಿದ ಗಂಡಸರು. ಎಲ್ಲರ ಕಣ್ಣೂ ನಿಶ್ಮಿತಾಳ ಕೈಯ ಮೇಲೆ. ಆ ಕೈಯಲ್ಲಿ ಏನೂ ಇರಲಿಲ್ಲ.

ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಗಿಡ ಸತ್ತದ್ದು, ಮದ್ದು ಇಲ್ಲದಿರುವುದು, ಎಂದೆಂದಿಗೂ ಇಲ್ಲದಿರುವುದು. ಹೇಳಿ ಮುಗಿಯುವ ಮೊದಲೇ ಮೀನಾಕ್ಷಿ ಗುಂಪನ್ನು ಸೀಳಿಕೊಂಡು ಬಂದಳು. ಮಗನನ್ನು ಮಣ್ಣು ಮಾಡಿದ ಮೇಲೆ ಆಕೆ ತಲೆ ಬಾಚಿರಲಿಲ್ಲ.

"ನಿನ್ ಮಗ್ಳ್ ಬಾಯಿಗ್ ಹಾಕಿದ್ ಕಂಡೇ ಅಲ್ದಾ ನಾನ್ ಹಾಕ್ಸಿದ್ದ್? ನೀನ್ ಓದ್ದವ್ಳ್, ನಿಂಗ್ ಗೊತ್ತಿತ್ತ್ ಅಂದೇಳಿ! ನಂಗೆಂತ ಗೊತ್ತಿತ್ತ್? ನನ್ ಮಗನ್ನ ಕೊಡ್! ಕೊಡ್ ನಂಗೆ!"

ಆಕೆ ನಿಶ್ಮಿತಾಳ ಭುಜ ಹಿಡಿದು ಅಲುಗಾಡಿಸಿದಳು, ಕೆನ್ನೆಗೆ ಹೊಡೆದಳು. ಬಿಡಿಸಲು ಬಂದ ದಯಾಕರನನ್ನು ನಿಶ್ಮಿತಾಳೇ ತಡೆದಳು. ಹೊಡೆದೂ ಹೊಡೆದೂ ಮೀನಾಕ್ಷಿಗೆ ಸಾಕಾಯಿತು. ಮರಳಿನ ಮೇಲೆ ಕುಸಿದು ಕೂತಳು.

ಆಮೇಲೆ ನಿಶ್ಮಿತಾ ಉಳಿದದ್ದನ್ನು ಹೇಳಿದಳು. ಇನ್ನೂ ಫಿಟ್ಸ್ ಬರದ ಮಕ್ಕಳನ್ನೆಲ್ಲ ಕೂಡಲೇ ಬಸ್ಸು ಹತ್ತಿಸಬೇಕು. ಕೆಂಪು ನೀರಿನಾಚೆಯಿಂದ ಬೋಟಿನಲ್ಲಿ ಡ್ರಮ್ಮು ತುಂಬಿಸಿ ತಂದು, ದಾರಿಯುದ್ದಕ್ಕೂ ಅದನ್ನೇ ಕುಡಿಸಬೇಕು. ಕಿಟಕಿ ಮುಚ್ಚಿರಬೇಕು. ಘಟ್ಟ ಹತ್ತಿ, ಬಯಲು ದಾಟಿ, ಮೂಡಣ ಕಡಲು ಮುಟ್ಟುವ ತನಕ ಮಳೆಯ ಒಂದು ಹನಿಯೂ ಅವರ ಬಾಯಿಗೆ ಬೀಳಬಾರದು.

ಯಾರೂ ವಾದ ಮಾಡಲಿಲ್ಲ. ಗಂಡಸರು ಬೋಟುಗಳ ಮೂತಿಯಿಂದ ಮಡ್ಲು ಬಿಚ್ಚಲು ಹೋದರು. ಪೂಜೆಗೆ ಮೊದಲು ಊರಿನ ಬೋಟುಗಳೆಲ್ಲ ನೀರಿಗಿಳಿದದ್ದು ಅದೇ ಮೊದಲು.

ಬಸ್ಸುಗಳು ಬಂದು ಆಸ್ಪತ್ರೆಯ ಎದುರಿನ ಮೈದಾನದಲ್ಲಿ ನಿಂತವು. ಉಡುಪರೇ ಓಡಾಡಿ ವ್ಯವಸ್ಥೆ ಮಾಡಿದ್ದರು. ತಾಯಂದಿರು ಮಕ್ಕಳ ತಲೆಗೆ ಪ್ಲಾಸ್ಟಿಕ್ ಹೊದೆಸಿ ಹತ್ತಿಸುತ್ತಿದ್ದರು. ದಯಾಕರ ವಾರ್ಡಿಗೆ ಬಂದ.

"ಹಂಸುನ ನಾನ್ ಎತ್ಕಂತೆ. ಡ್ರಿಪ್ಪಿನ ಬಾಟ್ಲಿ ನೀನ್ ಹಿಡ್ಕೊ. ಹಿಂದಿನ್ ಸೀಟ್ ಪೂರ್ತಿ ಬಿಟ್ಟಿತ್ತ್ ಅವ್ಳಿಗೆ."

ನಿಶ್ಮಿತಾ ಡಾಕ್ಟರ್ ಐರಿನ್ ಕಡೆ ನೋಡಿದಳು. ಐರಿನ್ ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದರು. "ಘಟ್ಟ ಹತ್ತುವಷ್ಟು ಶಕ್ತಿ ಅವಳಲ್ಲಿ ಇಲ್ಲ" ಎಂದರು.

"ಆ ಸೀಟಿನಗೆ ಬೇರೆ ಮಕ್ಕಳನ್ ಕೂರ್ಸಣ್ಣಯ್ಯ" ಎಂದಳು ನಿಶ್ಮಿತಾ.

ದಯಾಕರನಿಗೆ ಅರ್ಥವಾಯಿತು. ಗೋಡೆಗೆ ಹಣೆಯೊತ್ತಿ ನಿಂತುಬಿಟ್ಟ. ಅಜ್ಜಿ ಬೇಬಿ ಮೊಮ್ಮಗಳ ಕಾಲನ್ನು ಬಿಡಲೇ ಇಲ್ಲ.

ಆದರೆ ಬಸ್ಸುಗಳು ಹೊರಡಲಿಲ್ಲ. ಉಡುಪರು ಬಾಗಿಲಲ್ಲಿ ಬಂದು ನಿಂತರು. ಮಾತಾಡಲು ಅವರಿಗೇ ನಾಚಿಕೆಯಾಗುತ್ತಿತ್ತು.

"ನಿಶ್ಮಿತಾ, ದಾರಿಯಲ್ಲಿ ಮಕ್ಕಳಿಗೆ ಏನಾದ್ರೂ ಆದ್ರೆ... ನಿಮ್ಮಷ್ಟು ಗೊತ್ತಿರುವವರು ಬೇರೆ ಯಾರೂ ಇಲ್ಲ. ನಾನು ಹೋಗ್ತೇನೆ, ಆದ್ರೆ ನಾನು ಆಫೀಸಿನ ಮನುಷ್ಯ. ತಾಯಂದಿರು ನೀವು ಬರದೆ ಹೊರಡುದಿಲ್ಲ ಅಂತಿದ್ದಾರೆ."

ಹೊರಗೆ ಅಷ್ಟೂ ಮಕ್ಕಳು. ಒಳಗೆ ಒಂದು. ಯಾರು ಲೆಕ್ಕ ಹಾಕಿದರೂ ಉತ್ತರ ಒಂದೇ ಬರುತ್ತದೆ. ನಿಶ್ಮಿತಾ ಮಗಳ ಕೈಯನ್ನು ತನ್ನ ಕೈಯೊಳಗಿಟ್ಟುಕೊಂಡು ಕೂತಿದ್ದಳು. ಎದ್ದರೆ ತಾನು ತಾಯಿಯಲ್ಲ, ಏಳದಿದ್ದರೆ ತಾನು ಮನುಷ್ಯಳೇ ಅಲ್ಲ ಎನಿಸಿತು.

ಉಡುಪರ ಹಿಂದೆ ಯಾರೋ ಬಂದು ನಿಂತಿದ್ದರು. ಮೀನಾಕ್ಷಿ. ಬಾಚದ ತಲೆಯನ್ನು ಟವೆಲಿನಿಂದ ಬಿಗಿದು ಕಟ್ಟಿದ್ದಳು.

"ನೀನ್ ಕೂಕೊ" ಎಂದಳು, ನಿಶ್ಮಿತಾಳ ಮುಖ ನೋಡದೆ. "ನಾನ್ ಹೋತೆ ಮಕ್ಕಳ್ ಒಟ್ಟಿಗೆ. ಫಿಟ್ಸ್ ಬಪ್ಪುಕ್ ಮುಂಚೆ ಹ್ಯಾಂಗ್ ಆತ್ ಅಂದೇಳಿ ನನ್ನಷ್ಟ್ ಕಂಡವ್ರ್ ಈ ಊರಂಗ್ ಯಾರೂ ಇಲ್ಲೆ. ಆಗ್ಳ್ ಎಂತ ಕೊಡ್ಕ್, ಎಷ್ಟ್ ಕೊಡ್ಕ್, ಅದ್ ಹೇಳ್ ನಂಗೆ."

ನಿಶ್ಮಿತಾ ಹೇಳಿದಳು. ತುಟಿ ಮೊದಲು ಬಿಳಿಚಿಕೊಳ್ಳುತ್ತದೆ, ಆಮೇಲೆ ಮಾತು ತೊದಲುತ್ತದೆ. ತೊದಲುವ ಮೊದಲೇ ಡ್ರಮ್ಮಿನ ನೀರು, ಗುಟುಕು ಗುಟುಕಾಗಿ, ವಾಂತಿಯಾದರೂ ಮತ್ತೆ. ಮೀನಾಕ್ಷಿ ಪ್ರತಿಯೊಂದನ್ನೂ ಬಾಯಲ್ಲಿ ಹೇಳಿಕೊಂಡಳು. ತಪ್ಪಿದಾಗ ಮತ್ತೆ ಕೇಳಿದಳು. ಕೊನೆಗೆ ಹಾಸಿಗೆಯ ಹತ್ತಿರ ಬಂದು ಹಂಸಿಕಾಳ ಹಣೆಯ ಮೇಲಿನ ಉಪ್ಪನ್ನು ಸೆರಗಿನಿಂದ ಒರೆಸಿ, ಹಿಂದೆ ತಿರುಗದೆ ಹೊರಟುಹೋದಳು. ದಯಾಕರನೂ ಅವಳ ಹಿಂದೆ ಹೋದ. ಅವನ ಮಗ ಬಸ್ಸಿನಲ್ಲಿದ್ದ.

ಬಸ್ಸುಗಳು ಹೊರಟ ಸದ್ದಿಗೆ ಹಂಸಿಕಾ ಕಣ್ಣು ಬಿಟ್ಟಳು.

"ಅಮ್ಮಾ, ಶಮಂತ ಹೋದ್ನಾ?"

"ಹೋದ ಮಗಾ."

"ಎಲ್ಲಿಗೆ?"

"ಮೂಡು ಬದಿ ಕಡ್ಲಿಗೆ. ಅಲ್ಲಿ ಮಳೆ ಇಲ್ಲೆ."

"ನನ್ನ ಎಂತಕ್ಕೆ ಕರ್ಕಂಡ್ ಹೋಯಿಲ್ಲೆ?"

ಬೇಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಿಶ್ಮಿತಾ ಮಗಳ ಕೂದಲು ಸರಿ ಮಾಡಿದಳು. ಜೀವಮಾನವಿಡೀ ಅವಳು ತನಗೆ ಖಚಿತವಿದ್ದದ್ದನ್ನೇ ಹೇಳಿ ಅಭ್ಯಾಸವಿದ್ದವಳು.

"ನಿಂಗ್ ಗುಣ ಆದ್ ಮೇಲೆ ಹೋಪ. ನಾನೂ ನೀನೂ."

"ಅಲ್ಲಿ ಈಜುಕೆ ಬಿಡ್ತ್ರಾ?"

"ಬಿಡ್ತ್ರ್" ಎಂದಳು ನಿಶ್ಮಿತಾ. "ಕತ್ತಲೆ ಆಪಲ್ಲಿವರೆಗೂ ಈಜ್ಲಕ್."

ಹಂಸಿಕಾ ಅಷ್ಟು ಹೊತ್ತು ಈಜುವುದನ್ನು ಯೋಚಿಸುತ್ತಾ ಕಣ್ಣು ಮುಚ್ಚಿಕೊಂಡಳು.